ಫಾದರಿಗೆ ಮದುವೆಯಂತೆ!

"ಫಾದರಿಗೆ ಮದುವೆಯಾ? ನೀವು ಎಂಥ ಪುಸ್ತಕ ಓದುವುದು ಮಾರಾಯ್ರೆ!" ಎಂದು ಪಕ್ಕದ ಮನೆಯ ಬಾಯಮ್ಮ ಶಿಲುಬೆಯ ಗುರುತು ಮಾಡಿಕೊಂಡರು. ಅವರು ಮಂಗಳೂರಿನ ಕಥೋಲಿಕರು, ಗಾಬರಿ ಸಹಜ. ಈ ಕಾದಂಬರಿಯ ಅರವತ್ತರ ಫಾದರ್ ಟಿಮ್ ಆಂಗ್ಲಿಕನ್ ಬಳಗದ ಎಪಿಸ್ಕೋಪಲ್ ಸಭೆಯವರು, ನಮ್ಮ ಸಿ.ಎಸ್.ಐ. ಅಯ್ಯನವರ ಹಾಗೆ ಸಂಸಾರ ಹೂಡಬಹುದು ಎಂದು ಸಮಾಧಾನ ಹೇಳಿದೆ.

"ಹಾಗಾದರೆ ಅರವತ್ತು ವರ್ಷ ಎಂಥ ಮಾಡ್ತಾ ಇದ್ದರು?"

ಇದಕ್ಕೆ ನನ್ನಲ್ಲಿ ಉತ್ತರವಿರಲಿಲ್ಲ.

ಜಾನ್ ಕ್ಯಾರನ್ ಎಂಬ ಅಮೆರಿಕದ ಲೇಖಕಿ ಜಾಹೀರಾತಿನ ಕೆಲಸ ಬಿಟ್ಟು ನಾರ್ತ್ ಕ್ಯಾರೊಲೈನಾದ ಬ್ಲೋಯಿಂಗ್ ರಾಕ್ ಎಂಬ ಗುಡ್ಡದೂರಿಗೆ ಬಂದರು. ಅಲ್ಲಿನ ಪತ್ರಿಕೆಯಲ್ಲಿ ಧಾರಾವಾಹಿಯಾಗಿ ಬರೆದದ್ದು 1994ರಲ್ಲಿ 'ಆಟ್ ಹೋಮ್ ಇನ್ ಮಿಟ್‌ಫರ್ಡ್' ಎಂಬ ಕಾದಂಬರಿಯಾಯಿತು, ಫಾದರ್ ಟಿಮ್ ಕಥಾಮಾಲೆಯ ಮೊದಲ ಪುಸ್ತಕ. ಮಿಟ್‌ಫರ್ಡ್ ಎಂದರೆ ಒಂದು ಪೇಟೆಬೀದಿ, ಕೆಲವು ಚರ್ಚು, ಒಂದು ಹೋಟೆಲು. ಹೋಟೆಲಿನಲ್ಲಿ ತಿಂಡಿಗಿಂತ ಸುದ್ದಿಯೇ ಬಿಸಿ. ಅಂಥ ಊರಲ್ಲಿ ಪಾದ್ರಿ ಪ್ರೇಮಿಸುವುದೆಂದರೆ ಜಾತ್ರೆಯ ನಡುವೆ ನಿಂತು ಗುಟ್ಟು ಹೇಳಿದ ಹಾಗೆ.

ಫಾದರ್ ಟಿಮ್ ಅವರ ಪಕ್ಕದ ಮನೆಗೆ ಬಂದ ಸಿಂಥಿಯಾ ಮಕ್ಕಳ ಪುಸ್ತಕ ಬರೆಯುವವಳು. ಎರಡು ಮನೆಯ ನಡುವೆ ಒಂದು ಬೇಲಿ. ಅವಳು ಆ ಬೇಲಿ ದಾಟಿ ಬರುತ್ತಾಳೆ, ಇವರು ಅಂಜುತ್ತಾರೆ. ಮುಟ್ಟಿದರೆ ಮುನಿ ಗಿಡಕ್ಕೂ ಇಷ್ಟು ನಾಚಿಕೆ ಇರಲಿಕ್ಕಿಲ್ಲ. ಸಾಲದ್ದಕ್ಕೆ ಎರಡನೆಯ ಪುಸ್ತಕದಲ್ಲಿ ಒಬ್ಬ ಶ್ರೀಮಂತ ವಿಧವೆ ಇವರ ಬೆನ್ನು ಬೀಳುತ್ತಾಳೆ. ಅಲ್ಲಿ ಮಾತ್ರ ನಾನು ಪುಟಗಳನ್ನು ಓಡಿಸಿದೆ.

ಈ ಬಗೆಯ ಕ್ರೈಸ್ತ ಕಾದಂಬರಿಯಲ್ಲಿ ದೇವರೂ ಒಂದು ಪಾತ್ರವೇ. ಆದರೆ ಇಲ್ಲಿ ಉಪದೇಶದ ಭಾರವನ್ನೆಲ್ಲ ಹೊರುವುದು ಒಂದು ನಾಯಿ. ಎಮ್ಮೆಕರುವಿನಷ್ಟಿರುವ ಬಾರ್ನಬಸ್ ಎಷ್ಟೇ ಕುಣಿಯಲಿ, ಬೈಬಲಿನ ವಾಕ್ಯ ಕಿವಿಗೆ ಬಿದ್ದರೆ ತೆಪ್ಪಗಾಗುತ್ತದೆ. ನಾನೂ ನಮ್ಮ ಬೀದಿನಾಯಿಗೆ ಕಗ್ಗ ಹೇಳಿ ನೋಡಿದೆ. ಅದು ಮಧ್ಯದಲ್ಲೇ ಎದ್ದು ಹೋಯಿತು.

ಇನ್ನು ಆ ಕಿತ್ತಳೆ ಮಾರ್ಮಲೇಡ್ ಕೇಕು! ಪಾದ್ರಿಗಳಿಗೆ ಸಕ್ಕರೆ ಕಾಯಿಲೆ. ಎಸ್ತರ್ ಬೋಲಿಕ್ ಎಂಬಾಕೆಯ ಈ ಕೇಕಿಗೆ ಬಾಯಿ ಹಾಕಿ ಒಮ್ಮೆ ಪ್ರಜ್ಞೆ ತಪ್ಪಿ ಸಾಯುವ ಸ್ಥಿತಿಗೆ ಹೋಗುತ್ತಾರೆ. ಓದುಗರು ಹೆದರಬೇಕಿತ್ತಲ್ಲ? ಅವರು ಅದನ್ನು ಮಾಡುವ ವಿಧಾನ ಕೇಳಿದರು! 2004ರಲ್ಲಿ ಮಿಟ್‌ಫರ್ಡಿನ ಹೆಸರಲ್ಲಿ ಅಡುಗೆ ಪುಸ್ತಕವೇ ಬಂತು.

ಇದೇ ಕಥೆಯ 2017ರ ಟೀವಿ ಚಿತ್ರದಲ್ಲಿ ಫಾದರ್ ಟಿಮ್‌ನನ್ನು ಚಿಕ್ಕ ಪ್ರಾಯದ ಚೆಲುವನನ್ನಾಗಿ ಮಾಡಿದ್ದಾರೆ. ಬಕ್ಕತಲೆಗೂ ಪ್ರೇಮ ಒದಗೀತೆಂಬ ಭರವಸೆಯಲ್ಲಿ ಓದಿದ ನಮ್ಮಂಥವರ ಗತಿ?

ಬಾಯಮ್ಮ ಮೂಗು ಮುರಿಯುತ್ತಲೇ ಮೊದಲ ಎರಡು ಪುಸ್ತಕ ಒಯ್ದರು. ವಾರ ಕಳೆದು ಬೆಳಿಗ್ಗೆಯೇ ಬಾಗಿಲು ತಟ್ಟಿದರು. ಮುಖದಲ್ಲಿ ಸಿಟ್ಟು.

"ಒಪ್ಪಿಗೆ ಆಯಿತು. ಮದುವೆ ಎಲ್ಲಿ?"

ಮೂರನೆಯ ಪುಸ್ತಕ ಶುರುವಾಗುವಾಗ ಮದುವೆ ಮುಗಿದೇ ಹೋಗಿರುತ್ತದೆ, ಆ ಸಂಭ್ರಮವನ್ನು ಲೇಖಕಿ ಬರೆದದ್ದು 2001ರಲ್ಲಿ, ಆರನೆಯ ಪುಸ್ತಕದಲ್ಲಿ ಎಂದೆ.

"ರೋಸ್ ಶಾಸ್ತ್ರ ಇಲ್ಲ, ಮದುವೆ ಇಲ್ಲ, ಊಟ ಇಲ್ಲ, ಸೀದಾ ಸಂಸಾರವಾ? ಇದೆಂಥ ಕ್ರಮ!" ಎಂದ ಬಾಯಮ್ಮ ನಾನು ನೀಡಿದ ಮೂರನೆಯದನ್ನು ಮೇಜಿನ ಮೇಲಿಟ್ಟು, ಕಪಾಟಿನಿಂದ ಆರನೆಯದನ್ನೇ ಎಳೆದುಕೊಂಡು ಹೋದರು.