584170 ಸಂಖ್ಯೆಗೊಂದು ಬಹಿರಂಗ ಪತ್ರ

ಪ್ರಿಯ 584170,

ದೇವಸುಗೂರಿನಲ್ಲಿ ನಿನ್ನನ್ನು ಬರೆಯದ ಕೈಯಿಲ್ಲ. ಆಧಾರ್ ಅರ್ಜಿ, ಪಾಸ್‌ಬುಕ್ಕು, ಶಕ್ತಿನಗರದ ಶಾಖೋತ್ಪನ್ನ ವಿದ್ಯುತ್ ಕೇಂದ್ರದ ವಿಳಾಸ, ಎಲ್ಲದರ ಕೊನೆಗೂ ನೀನೇ. ದೇಶದಲ್ಲಿ ಪಿನ್ ಕೋಡ್ ಜಾರಿಗೆ ಬಂದದ್ದು 1972ರ ಆಗಸ್ಟ್ 15ರಂದು. ನಿನ್ನ ಮೊದಲ ಮೂರು ಅಂಕಿ ರಾಯಚೂರನ್ನು ಹೇಳುತ್ತವೆ, ಉಳಿದ ಮೂರು ನಮ್ಮ ಅಂಚೆ ಕಚೇರಿಯನ್ನು. ಕಾಗದ ತಲುಪಲು ಇಷ್ಟು ಸಾಕು. ಆದರೆ ನಿನಗೆ ನಿನ್ನದೇ ಒಂದು ಗುಣವಿದೆ, ಅದನ್ನು ಊರಿಗೆ ತಿಳಿಸಲೆಂದೇ ಈ ಪತ್ರ.

ನಿನ್ನನ್ನು ಒಡೆಯುವುದು ಮೊದಲಿಗೆ ಸಲೀಸು. ಕೊನೆಗೆ ಸೊನ್ನೆ ಇದೆ. 2 ಮತ್ತು 5 ಆಚೆ ಬರುತ್ತವೆ, 58417 ಉಳಿಯುತ್ತದೆ. ಅಲ್ಲಿಂದ ಮುಂದೆ ನೀನು ಜಗ್ಗುವುದಿಲ್ಲ. ಅಂಕಿಗಳ ಮೊತ್ತ 25, ಹಾಗಾಗಿ 3 ಹೋಗದು. 7ರಿಂದ ಭಾಗಿಸಿದರೆ ಶೇಷ 2, 11ರಿಂದ 7, 13ರಿಂದ 8. ವರ್ಗಮೂಲ 241ಕ್ಕಿಂತ ತುಸು ಹೆಚ್ಚಿರುವುದರಿಂದ 241ರವರೆಗಿನ 53 ಅವಿಭಾಜ್ಯ ಸಂಖ್ಯೆಗಳನ್ನು ಹಚ್ಚಿ ನೋಡಿದರೆ ಸಾಕು. ಕೊನೆಯ 241ಕ್ಕೂ 95 ಉಳಿಯುತ್ತದೆ. 58417 ಅವಿಭಾಜ್ಯ!

ನಿನ್ನ ಚೆಲುವು ಇಷ್ಟಕ್ಕೇ ಮುಗಿಯುವುದಿಲ್ಲ. 4ರಿಂದ ಭಾಗಿಸಿದಾಗ 1 ಉಳಿಯುವ ಯಾವ ಅವಿಭಾಜ್ಯವೇ ಆಗಲಿ, ಅದು ಎರಡು ವರ್ಗಗಳ ಮೊತ್ತ, ಅದೂ ಒಂದೇ ಒಂದು ಬಗೆಯಲ್ಲಿ ಎಂದು ಫ್ರಾನ್ಸಿನ ಗಣಿತಜ್ಞ ಫರ್ಮಾ 1640ರಲ್ಲಿ ವಿದ್ವಾಂಸ ಮರ್ಸೆನ್‌ಗೆ ಪತ್ರ ಬರೆದಿದ್ದ. ನೂರು ವರ್ಷ ಕಳೆದ ಮೇಲೆ ಗಣಿತಜ್ಞ ಆಯ್ಲರ್ ಅದನ್ನು ಸಾಧಿಸಿ ತೋರಿಸಿದ. 58417 ಆ ಗುಂಪಿಗೆ ಸೇರಿದ್ದು: 239ರ ವರ್ಗ 57121, 36ರ ವರ್ಗ 1296, ಕೂಡಿದರೆ ಸರಿಯಾಗಿ 58417. ನಿನಗಂತೂ ಇಂಥ ದಾರಿ ಎರಡು: 753 ಮತ್ತು 131ರ ವರ್ಗಗಳನ್ನು ಕೂಡಿದರೂ ನೀನೇ, 681 ಮತ್ತು 347ರ ವರ್ಗಗಳನ್ನು ಕೂಡಿದರೂ ನೀನೇ.

ಸಂಖ್ಯೆಗಳ ಮೇಲಿನ ಈ ಅಕ್ಕರೆ ನಮ್ಮ ಸೀಮೆಗೆ ಹೊಸದಲ್ಲ. ಹತ್ತಿರದ ಕಲಬುರಗಿ ಜಿಲ್ಲೆಯ ಮಳಖೇಡ ರಾಷ್ಟ್ರಕೂಟರ ರಾಜಧಾನಿಯಾಗಿತ್ತು. ಅಲ್ಲಿ ಆಳಿದ ಅಮೋಘವರ್ಷ ನೃಪತುಂಗನ ಕಾಲದ ಮಹಾವೀರಾಚಾರ್ಯ 'ಗಣಿತಸಾರಸಂಗ್ರಹ'ದಲ್ಲಿ 142857143ನ್ನು 7ರಿಂದ ಗುಣಿಸಲು ಹೇಳುತ್ತಾನೆ. ಬರುವ 1000000001ನ್ನು ಎಡದಿಂದ ಓದಿದರೂ ಬಲದಿಂದ ಓದಿದರೂ ಒಂದೇ. ಅವನು ಅದನ್ನು ರಾಜನ ಕಂಠಾಭರಣವೆಂದು ಕರೆದ. ಲೆಕ್ಕವನ್ನು ಒಡವೆಯಂತೆ ಕಂಡವರ ನಾಡಿನ ಮಕ್ಕಳು ಇಂದು ಗಣಿತವೆಂದರೆ ಹೆದರುವುದನ್ನು ನೋಡಿದಾಗ ನನಗೆ ಸಂಕಟವಾಗುತ್ತದೆ.

ಆದ್ದರಿಂದ ನಿನ್ನ ಪರವಾಗಿ ನಮ್ಮ ಭಾಗದ ಗಣಿತ ಮಾಸ್ತರರಲ್ಲಿ ಒಂದು ಕೋರಿಕೆ. ಅಪವರ್ತನದ ಪಾಠವನ್ನು ಮಕ್ಕಳ ಪಿನ್ ಕೋಡಿನಿಂದಲೇ ಶುರುಮಾಡಿ. ಪುಸ್ತಕದ ಲೆಕ್ಕಗಳು ಬೇಗ ಬಿಡಿಸಿಕೊಳ್ಳುತ್ತವೆ. ತಮ್ಮದೇ ಊರಿನ ಸಂಖ್ಯೆ ಪಟ್ಟು ಬಿಡದಿದ್ದಾಗ ಮಕ್ಕಳೂ ಪಟ್ಟು ಬಿಡುವುದಿಲ್ಲ. ರಾಯಚೂರಿನ 584101ಕ್ಕೆ 7 ನಿಶ್ಶೇಷವಾಗಿ ಹೋಗುತ್ತದೆ, ದೇವದುರ್ಗದ 584111ಕ್ಕೆ 11 ಹೋಗುತ್ತದೆ. ಮಾನ್ವಿಯ 584123 ಮಾತ್ರ 3, 7, 11 ಯಾವುದಕ್ಕೂ ಬಗ್ಗುವುದಿಲ್ಲ. ಅದರ ಗುಟ್ಟನ್ನು ಮಾನ್ವಿಯ ಮಕ್ಕಳೇ ಬಿಡಿಸಲಿ.

ಇಂತಿ,
ದೇವಸುಗೂರಿನ ನಿವಾಸಿ