ವೃದ್ಧ ವೇಗಶಾಲಿಯೊಡನೆ ಒಂದು ಸಂದರ್ಶನ

ಬೆಂಗಳೂರಿನ ಜೆ.ಸಿ. ರಸ್ತೆಯ ಹಿಂದಣ ಗಲ್ಲಿಯೊಂದರ ಗ್ಯಾರೇಜಿನಲ್ಲಿ, ಚಕ್ರಗಳನ್ನು ಕಳಚಿಕೊಂಡು ಮರದ ದಿಮ್ಮಿಗಳ ಮೇಲೆ ಆಸೀನವಾಗಿದ್ದ ಸ್ಯಾನ್ ಸ್ಟಾರ್ಮ್ ಎಂಬ ಎರಡಾಸನದ ಸ್ಪೋರ್ಟ್ಸ್ ಕಾರು, ಮೇಸ್ತ್ರಿಯು ಚಹಾ ಸೇವನೆಗೆ ತೆರಳಿದ್ದ ವೇಳೆಯಲ್ಲಿ ನಮಗೆ ದಯಪಾಲಿಸಿದ ಸಂದರ್ಶನವಿದು.

ಸಂದರ್ಶಕ: ಮೊದಲು ತಮ್ಮ ಜನ್ಮವೃತ್ತಾಂತವನ್ನು ತಿಳಿಸಬೇಕು.

ಕಾರು: ಜನನ ಗೋವೆಯಲ್ಲಿ, ಹೃದಯ ಫ್ರಾನ್ಸಿನ ರೆನೋ ವಂಶದ್ದು, 1,149 ಸಿ.ಸಿ.; ಮೈ ಉಕ್ಕಿನದಲ್ಲ, ಫೈಬರ್‌ಗ್ಲಾಸಿನದು. 1999ರಲ್ಲಿ ಛಾವಣಿ ಮಡಿಸಿ ಮಹಾತ್ಮ ಗಾಂಧಿ ರಸ್ತೆಯಲ್ಲಿ ಸಾಗಿದಾಗ, ನಾನು ಯಾವ ದೇಶದವನೆಂದು ಜನ ಯಜಮಾನರನ್ನು ವಿಚಾರಿಸುತ್ತಿದ್ದರು. ಈಗ ಗುಜರಿಗೆ ಎಷ್ಟಕ್ಕೆ ಕೊಡುವಿರೆಂದು ವಿಚಾರಿಸುತ್ತಾರೆ.

ಸಂದರ್ಶಕ: ವಿಮಾ ಕಂಪನಿಯವರಾದರೂ ಗೌರವಿಸುತ್ತಾರಷ್ಟೆ?

ಕಾರು: ಅಗತ್ಯವಾಗಿ! ನಾನು ಪರರಿಗೆ ಮಾಡಬಹುದಾದ ಹಾನಿಯ ವಿಷಯದಲ್ಲಿ ಅವರಿಗೆ ನನ್ನ ಪೌರುಷದ ಮೇಲೆ ಎಳ್ಳಷ್ಟೂ ಸಂದೇಹವಿಲ್ಲ. 1988ರ ಮೋಟಾರು ವಾಹನ ಕಾಯಿದೆಯಂತೆ ಥರ್ಡ್ ಪಾರ್ಟಿ ವಿಮೆ ಕಡ್ಡಾಯ. 2022ರಲ್ಲಿ ನಿಗದಿಯಾದ ದರ ನನ್ನ ಅಳತೆಯ ಎಂಜಿನ್ನಿಗೆ 3,416 ರೂಪಾಯಿ, ತೆರಿಗೆ ಬೇರೆ. ಹೊಸ ಕಾರಿಗೂ ವೃದ್ಧನಿಗೂ ಅದರಲ್ಲಿ ಭೇದವೆಣಿಸಿಲ್ಲ. ಪರರು ನನಗೆ ಮಾಡುವ ಹಾನಿಯ ಮಾತು ಬಂದಾಗ ಮಾತ್ರ ನನ್ನ ವಯಸ್ಸು ಅವರ ನೆನಪಿಗೆ ಬರುವುದು. ಐದು ವರ್ಷ ತುಂಬುವವರೆಗೆ ವಾಹನದ ಮೌಲ್ಯವಿಳಿಸಲು ಒಂದು ಕೋಷ್ಟಕವುಂಟು. ಅನಂತರ ಉಭಯಪಕ್ಷಗಳ ಸಮ್ಮತಿ. ಅದರರ್ಥ, ಅವರು ಒಂದು ಅಂಕಿ ನುಡಿಯುತ್ತಾರೆ, ನನ್ನ ಯಜಮಾನರು ಸಮ್ಮತಿಸುತ್ತಾರೆ.

ಸಂದರ್ಶಕ: ಅಪಘಾತವಾದರೆ ದುರಸ್ತಿಯ ವೆಚ್ಚ ದೊರೆಯದೆ?

ಕಾರು: ದೊರೆಯುತ್ತದೆ, ಶ್ರಾದ್ಧದ ಪಿಂಡದಂತೆ ವಿಂಗಡಿಸಿ. ರಬ್ಬರು, ಪ್ಲಾಸ್ಟಿಕ್ಕು, ಟೈರು, ಬ್ಯಾಟರಿಗಳಿಗೆ ನೂರಕ್ಕೆ 50 ಸವಕಲೆಂದು ಕಡಿತ, ಫೈಬರ್‌ಗ್ಲಾಸಿಗೆ 30, ಹತ್ತು ವರ್ಷ ಮೀರಿದ ಲೋಹಕ್ಕೆ 50, ಗಾಜಿಗೆ ಮಾತ್ರ ಕಡಿತವಿಲ್ಲ. ಆದ್ದರಿಂದ ಅಪಘಾತಕ್ಕೀಡಾಗುವಾಗ ಗಾಜನ್ನೇ ಮುಂದೊಡ್ಡುವುದು ವಿವೇಕ. ಅದಲ್ಲದೆ, ದುರಸ್ತಿಯ ವೆಚ್ಚವು ಘೋಷಿತ ಮೌಲ್ಯದ ಶೇಕಡಾ 75ನ್ನು ಮೀರಿತೆಂದರೆ ನಾನು ‘ಟೋಟಲ್ ಲಾಸ್’. ಮೌಲ್ಯ ಒಂದು ಲಕ್ಷವೆಂದು ಇಟ್ಟುಕೊಳ್ಳಿ. ಎಂಜಿನ್ನು ಗುಟುರು ಹಾಕುತ್ತಿದ್ದರೂ, 76,000 ರೂಪಾಯಿಯ ಅಂದಾಜುಪಟ್ಟಿ ಬಂದೊಡನೆ ನಾನು ಕಾಗದದಲ್ಲಿ ಮೃತ!

ಸಂದರ್ಶಕ: ತಮಗೆ ಈಗ ಆಗಿರುವ ಅಪಘಾತದ ಬಳಿಕ ವಿಮಾ ಕಂಪನಿಯ ಸರ್ವೇಯರ್ ಮಹಾಶಯರು ತಮ್ಮನ್ನು ಪರೀಕ್ಷಿಸಿದರೆ?

ಕಾರು: ಬಂದರು, ನೆಗ್ಗು ಎಲ್ಲಿದೆಯೆಂದು ಹುಡುಕಿದರು. ಫೈಬರ್‌ಗ್ಲಾಸು ನೆಗ್ಗುವುದಿಲ್ಲ, ಬಿರಿಯುತ್ತದೆಂದು ಮೇಸ್ತ್ರಿ ವಿನಯದಿಂದ ಅರಿಕೆ ಮಾಡಿದ. ನೆಗ್ಗಿಲ್ಲದ ಮೇಲೆ ಅಪಘಾತವೆಲ್ಲಿಯದೆಂದು ಅವರು ಫೋಟೋ ತೆಗೆದುಕೊಂಡು ಹೊರಟರು. ಮೇಸ್ತ್ರಿ ಪಾಪ, ಬಿರುಕಿಗೆ ಮ್ಯಾಟ್ ಹಾಸಿ ರೆಸಿನ್ ಬಳಿದು ಉಜ್ಜುತ್ತಿದ್ದಾನೆ. ನನ್ನ ಕುಲದ ತಯಾರಿಕೆ ನಿಂತುಹೋಗಿರುವುದರಿಂದ ದೀಪಕ್ಕಾಗಿ ಶಿವಾಜಿನಗರದ ಗುಜರಿಗಳಲ್ಲಿ ಅಲೆದು, ಕಡೆಗೆ ಯಾವುದೋ ಅನ್ಯಗೋತ್ರದ ಕಾರಿನದನ್ನು ಕೊರೆದು ಕೂಡಿಸಲು ನಿಶ್ಚಯಿಸಿದ್ದಾನೆ.

ಸಂದರ್ಶಕ: ವಯೋವೃದ್ಧರಿಗೆ ಸರ್ಕಾರದ ಮನ್ನಣೆಯುಂಟೆಂದು ಕೇಳಿದ್ದೇವೆ.

ಕಾರು: ಉಂಟು. ಹದಿನೈದು ತುಂಬಿದ ಮೇಲೆ ನೋಂದಣಿಯನ್ನು ಐದೈದು ವರ್ಷಕ್ಕೊಮ್ಮೆ ನವೀಕರಿಸಿ, ಬದುಕಿರುವೆನೆಂದು ಸಾಬೀತುಪಡಿಸಬೇಕು. ಐವತ್ತು ದಾಟಿದರೆ 2021ರ ನಿಯಮದಂತೆ ‘ವಿಂಟೇಜ್’ ಪದವಿ. ನಡುವಣ ಮೂವತ್ತೈದು ವರ್ಷ ನಾನು ಮುದುಕನೇ ಹೊರತು ಪುರಾತನನಲ್ಲ. ಆ ಪದವಿಗೂ ಚಾಸಿಯಲ್ಲಾಗಲಿ, ಮೈಕಟ್ಟಿನಲ್ಲಾಗಲಿ, ಎಂಜಿನ್ನಿನಲ್ಲಾಗಲಿ ಹೆಚ್ಚಿನ ಮಾರ್ಪಾಟಾಗಿರಕೂಡದು, ಮೂಲರೂಪದಲ್ಲಿಯೇ ಇರಬೇಕು. ಮಾರ್ಪಡಿಸದೆ ನಾನು ಐವತ್ತನ್ನು ಮುಟ್ಟಲಾರೆ. ಮಾರ್ಪಡಿಸಿದರೆ ಮುಟ್ಟಿಯೂ ಫಲವಿಲ್ಲ. ಪದವಿ ಬಂದಿತೆಂದೇ ಭಾವಿಸಿ, ಆಮೇಲೆ ಪ್ರದರ್ಶನ, ರ‍್ಯಾಲಿ, ಇಂಧನ, ದುರಸ್ತಿ ಮುಂತಾದವುಗಳಿಗಲ್ಲದೆ ನಿತ್ಯ ರಸ್ತೆಗಿಳಿಯುವಂತಿಲ್ಲ.

ಸಂದರ್ಶಕ: ಹಾಗಿದ್ದರೂ 2049ರ ಆ ಗೌರವವನ್ನು ತಾವು ನಿರೀಕ್ಷಿಸುತ್ತಿರುವಿರಾ?

ಕಾರು: ಸ್ವಾಮಿ, ನನ್ನ ಪಾಲಿಸಿ ಇಂದು ಮಧ್ಯರಾತ್ರಿಗೆ ಮುಗಿಯುತ್ತದೆ. ದಯಮಾಡಿ ಯಜಮಾನರಿಗೆ ಒಂದು ಫೋನು ಮಾಡಿ. ಚಿರಂಜೀವಿತ್ವದ ವಿಚಾರವನ್ನು ನಾಳೆ ಚರ್ಚಿಸೋಣ.