ಬಿಗಿ ಕಾಕಾ

ನಳ ಅಲುಗಾಡಿದರೆ ಸೈಕಲ್ ಟ್ಯೂಬು. ಕನ್ನಡಕದ ಕಡ್ಡಿ ಮುರಿದರೆ ತಾಮ್ರದ ತಂತಿ. ಏನೂ ಮುರಿಯದಿದ್ದರೆ, ಮುಂದೆಂದಾದರೂ ಮುರಿದೀತೆಂದು ಬಿಳಿ ಪ್ಲಾಸ್ಟಿಕ್ ಟ್ಯಾಗು. ಹೀಗೆ ಜಗತ್ತನ್ನೇ ಬಿಗಿಯುತ್ತ ತಿರುಗುವವರು ವಿಜಯಪುರದ ಓಣಿಗೊಬ್ಬರು ಸಿಗುತ್ತಾರೆ. ನಮ್ಮ ಓಣಿಯವರು ನನ್ನ ಸ್ವಂತ ಕಾಕಾ ಆಗಿರುವುದು ನನ್ನ ಹಣೆಬರಹ.

ಮದುವೆಗೆ ಹೋದರೂ ಸೋಲ್ಡರ್ ಕಡ್ಡಿ, ಟೇಪುಗಳ ಚೀಲ ಜೊತೆಗೆ ಹೋಗುತ್ತದೆ. ಅಕ್ಕಿಕಾಳು ಬೀಳುವ ಹೊತ್ತಿಗೆ ಕಾಕಾ ಮೈಕಿನ ವೈರು ಹಿಡಿದು ಕೂತಿರುತ್ತಾರೆ. ಅಲ್ಲಿಯವರೆಗೆ ಮೈಕು ಚೆನ್ನಾಗಿಯೇ ಇರುತ್ತದೆ.

ಮಗನಿಗೆಂದು (ಅಂದರೆ ನನಗೇ) ಒಂದು ರಿಮೋಟ್ ಟ್ರಕ್ಕು ತಂದಿದ್ದೆ. ಬಂಡೆ ಹತ್ತುವ ಜಾತಿ. ರಿಸೀವರ್, ಮೋಟರಿನ ವೇಗ ನೋಡಿಕೊಳ್ಳುವ ಇಎಸ್‌ಸಿ, ಚಕ್ರ ಹೊರಳಿಸುವ ಸರ್ವೋ, 7.4 ವೋಲ್ಟಿನ ಲಿಪೋ ಬ್ಯಾಟರಿ ಎಲ್ಲವೂ ಅದರಲ್ಲಿ ಬೇರೆಬೇರೆ ಮನೆ ಮಾಡಿಕೊಂಡಿರುತ್ತವೆ. ಬಬಲೇಶ್ವರದ ಎರಿ ಹೊಲದ ಹೆಂಟೆಗಳ ಮೇಲೆ ನಾಲ್ಕು ಸಲ ಕುಣಿದದ್ದೇ ತಡ, ರಿಸೀವರ್ ಟೇಪು ಬಿಟ್ಟು ನೇತಾಡಿತು.

ಕಾಕಾ ಮೇಲಿನ ಕವಚ ಎತ್ತಿ ನೋಡಿ ನಿಟ್ಟುಸಿರುಬಿಟ್ಟರು. "ತಮ್ಮಾ, ಗೋಳಗುಮ್ಮಟಕ್ಕ ನಡುವ ಒಂದ ಕಂಬ ಇಲ್ಲ. ಗುಮ್ಮಟ ಹೊರಗಿಂದ 44 ಮೀಟರ್ ಅಗಲ ಐತಿ. ಹೆಂಗ ನಿಂತೈತಿ? ಎಂಟ ಕಮಾನ ಒಂದಕ್ಕೊಂದ ಹಿಡಕೊಂಡಾವ. ನಿನ್ನ ಬ್ಯಾಟರಿಗಿ ಒಂದ ಪಟ್ಟಿ!"

ಸುಳ್ಳು ಹೇಳಬಾರದು, ಕೆಲಸ ಬಲ್ಲವರು. ಎಣ್ಣೆ, ಧೂಳು ಇದ್ದಲ್ಲಿ ಟೇಪು ಹಿಡಿಯುವುದಿಲ್ಲವೆಂದು ಮೊದಲು ಸ್ಪಿರಿಟ್ ಹಚ್ಚಿ ಒರೆಸಿದರು. ಏಟು ರಿಸೀವರಿಗೆ ತಾಗದಂತೆ ಸ್ಪಂಜಿನ ಟೇಪು ಹಾಕಿದರು. ಸೋಲ್ಡರ್ ಹೀರಿದಷ್ಟು ವೈರು ಕಡ್ಡಿಯಂತಾಗುತ್ತದೆ, ಆ ಕಡ್ಡಿ ಮುಗಿದು ಮೆತ್ತನೆಯ ಎಳೆ ಶುರುವಾಗುವಲ್ಲೇ ಅದು ಮುರಿಯುವುದು ಎನ್ನುತ್ತ, ಪ್ರತಿ ಬೆಸುಗೆಗೂ ಕೊಳವೆ ಏರಿಸಿ ಬಿಸಿಗೆ ಹಿಡಿದು ಕುಗ್ಗಿಸಿದರು. ಅಲ್ಲಿಗೆ ನಿಲ್ಲಿಸಿದ್ದರೆ ನಾನು ಇದನ್ನು ಬರೆಯುತ್ತಿರಲಿಲ್ಲ. ಅದರ ಮೇಲೆ 27 ಟ್ಯಾಗು ಬಿಗಿದರು. ಲೆಕ್ಕ ಪಕ್ಕಾ, ಆಮೇಲೆ ಅವನ್ನು ಕತ್ತರಿಸಿದವನು ನಾನೇ.

ಮರುದಿನ ತಿಕೋಟಾದಲ್ಲಿ, ನಮ್ಮ ಮಾವನ ದ್ರಾಕ್ಷಿ ತೋಟ. ಮಾರ್ಚ್ ತಿಂಗಳು. ಶೆಡ್ಡಿನಲ್ಲಿ ಜಾಳಿಗೆಗಳ ಮೇಲೆ ಅಂತಸ್ತು ಅಂತಸ್ತಾಗಿ ದ್ರಾಕ್ಷಿ ಒಣಗುತ್ತಿತ್ತು. ಈ ಟ್ರಕ್ಕಿನ ಸರ್ವೋ ಕೂರುವುದು ಮುಂದಿನ ಎಕ್ಸಲ್ ಮೇಲೆ. ಎಕ್ಸಲ್ ಇಳಿದರೆ ಅದರ ವೈರೂ ಇಳಿಯಬೇಕು. ಕಾಕಾ ಅದನ್ನು ಏಕತಾರಿಯ ತಂತಿಯಂತೆ ಬಿಗಿದಿದ್ದರು. ಮೊದಲ ಬದುವಿನಲ್ಲೇ ಎಕ್ಸಲ್ ಇಳಿಯಿತು, ಪ್ಲಗ್ಗು ಕಿತ್ತಿತು, ಟ್ರಕ್ಕು ನೆಟ್ಟಗೆ ಶೆಡ್ಡಿನ ದಾರಿ ಹಿಡಿಯಿತು. ಬ್ರೇಕ್ ಹಿಡಿಯಬಹುದಿತ್ತು. ನಾನು ರಿಮೋಟಿನ ಸ್ಟಿಯರಿಂಗ್ ತಿರುವುತ್ತ "ಹೊಳ್ಳೋ, ಹೊಳ್ಳೋ" ಎಂದು ಎತ್ತಿಗೆ ಕೂಗಿದಂತೆ ಕೂಗುತ್ತಿದ್ದೆ. ಕೆಳಗಿನ ಜಾಳಿಗೆ ಹರಿಯಿತು. ಮಾವ ಏನೂ ಅನ್ನಲಿಲ್ಲ. ನನ್ನ ಕೈಗೂ ಜೊತೆಗೆ ಬಂದಿದ್ದ ಕಾಕಾನ ಕೈಗೂ ಒಂದೊಂದು ಬುಟ್ಟಿ ಕೊಟ್ಟು, ಮಣ್ಣಿಗೆ ಬಿದ್ದ ದ್ರಾಕ್ಷಿ ಆರಿಸಲು ಹಚ್ಚಿದರು.

ಬುತ್ತಿ ತಂದ ಕಾಕು ನಿಂತು ನೋಡಿದರು. "ಮೂಗದಾಣ ಜಗ್ಗಿ ಕಟ್ಟಿದ್ರ ಎತ್ತರೆ ಹೆಂಗ ಹೊಳ್ಳಬೇಕ್ರೀ?"

ಕಾಕಾ ಒಂದು ತಾಸು ಸುಮ್ಮನಿದ್ದು, "ಟ್ಯಾಗಿನ ಕ್ವಾಲಿಟಿ ಸರಿ ಇರ್ಲಿಲ್ಲ" ಎಂದರು.

ಸಿಟ್ಟು ಬರುತ್ತದೆ. ಆದರೆ ಹೋದ ದೀಪಾವಳಿಗೆ ಅವರ ಮಗ ಪುಣೆಗೆ ಮರಳುವಾಗ ಬಸ್ ಸ್ಟ್ಯಾಂಡಿಗೆ ನಾನೂ ಹೋಗಿದ್ದೆ. ಕಾಕಾ ಶೇಂಗಾ ಹಿಂಡಿಯ ಡಬ್ಬಿಗೆ ಟ್ಯೂಬು ಸುತ್ತಿ, ಟ್ಯೂಬಿಗೆ ಟೇಪು ಸುತ್ತಿ, ಬ್ಯಾಗಿಗೆ ಹಗ್ಗ ಬಿಗಿದು, ಆ ಹಗ್ಗವನ್ನು ಸೀಟಿನ ಕಾಲಿಗೆ ಕಟ್ಟುತ್ತ ಕೂತರು. ಬಸ್ಸು ಬಿಟ್ಟಿತು. ಗಂಟು ಇನ್ನೂ ಮುಗಿದಿರಲಿಲ್ಲ. ಸೊಲ್ಲಾಪುರ ರಸ್ತೆಗೆ ಹೊರಳುವಲ್ಲಿ ಕಂಡಕ್ಟರ್ ಇಳಿಸಿದನಂತೆ, ನಡೆದುಕೊಂಡೇ ಬಂದರು. ಡಬ್ಬಿ ಬಿಚ್ಚಲು ಚಾಕು, ಇಕ್ಕಳ ಎರಡೂ ಬೇಕಾದವು ಎಂದು ಮಗ ಫೋನಿನಲ್ಲಿ ಬೈದಾಗ ಕಾಕಾ ಸ್ಪೀಕರ್ ಹಚ್ಚಿ ಮನೆಮಂದಿಗೆಲ್ಲ ಕೇಳಿಸಿದರು. ಕೊನೆಗೆ ಕೇಳಿದ್ದು ಒಂದೇ ಮಾತು: "ಎಣ್ಣಿ ಸೋರ್ಲಿಲ್ಲಲ್ಲ?"

ಟ್ರಕ್ಕನ್ನು ಈಗ ನಾನೇ ಮತ್ತೆ ಕಟ್ಟಿದ್ದೇನೆ. ಎಕ್ಸಲ್ ಪೂರಾ ಇಳಿಸಿ ಅಳೆದು, ಸರ್ವೋ ವೈರಿಗೆ ಒಂದು ಸುತ್ತು ಸಡಿಲ ಬಿಟ್ಟು, ಟ್ಯಾಗನ್ನು ವೈರು ಸರಿದಾಡುವಷ್ಟೇ ಬಿಗಿದೆ. ಕಾಕಾ ಆ ಸುತ್ತಿನೊಳಗೆ ಕಿರುಬೆರಳು ತೂರಿಸಿ, ಮೆಲ್ಲಗೆ ಜಗ್ಗಿ, ಬಿಟ್ಟರು. ಹೊಗಳುತ್ತಾರೆಂದು ಕಾದೆ.

"ಇಲ್ಲೊಂದ ಟ್ಯಾಗ ಬಿಗದ್ರ…" ಎನ್ನುತ್ತ ಚೀಲಕ್ಕೆ ಕೈ ಹಾಕಿದರು.

ಟ್ಯಾಗಿನ ಪಾಕೀಟು ನಮ್ಮ ಒಣದ್ರಾಕ್ಷಿ ಡಬ್ಬಿಯ ತಳದಲ್ಲಿದೆ. ಮೂರು ದಿನದಿಂದ ಹುಡುಕುತ್ತಿದ್ದಾರೆ.